ಕ್ಲಚ್ ಕಾಲಿಗೆ ಯಾವ ಎಣ್ಣೆ?

ನಾನು 29 ವರ್ಷ ಬಸ್ ಓಡಿಸಿದವನು. ಅದರಲ್ಲಿ ಹನ್ನೊಂದು ವರ್ಷ ಹಾಸನ–ಮಂಗಳೂರು ರೂಟು. ಶಿರಾಡಿ ಘಾಟಿಯಲ್ಲಿ ಒಂದು ಟ್ರಿಪ್ಪಿಗೆ ಎಷ್ಟು ಸಲ ಕ್ಲಚ್ ತುಳಿಯುತ್ತೇನೆ ಅಂತ ಒಮ್ಮೆ ಎಣಿಸಲು ಹೋದೆ. ದೋಣಿಗಾಲಿನಲ್ಲಿ ಶುರು ಮಾಡಿದೆ, ಮಾರನಹಳ್ಳಿ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. ಆ ಲೆಕ್ಕವನ್ನು ನನ್ನ ಎಡ ಮಂಡಿ ಮಾತ್ರ ಸರಿಯಾಗಿ ಇಟ್ಟುಕೊಂಡಿದೆ. ರಿಟೈರ್ ಆಗಿ ಅರಸೀಕೆರೆಗೆ ಬಂದು ಕೂತ ಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ. ಬಲ ಭುಜದ್ದು ಬೇರೆ ಕತೆ, ಅದು ಪವರ್ ಸ್ಟೇರಿಂಗ್ ಇಲ್ಲದ ಕಾಲದ ಉಡುಗೊರೆ.

ಮಂಡಿ ನೋವು ಅಂತ ಬಾಯಿ ಬಿಟ್ಟರೆ ಸಾಕು, ಎಲ್ಲರೂ ಒಂದೊಂದು ಎಣ್ಣೆ ಹೇಳುತ್ತಾರೆ. ಬರೀ ಹೇಳುವುದಿಲ್ಲ, ತಂದೂ ಕೊಡುತ್ತಾರೆ. ನಮ್ಮ ಮನೆಯ ಗೂಡಿನಲ್ಲಿ ಒಂಬತ್ತು ಶೀಸೆ ಸೇರಿಕೊಂಡವು. ಬೆಳಿಗ್ಗೆ ಒಂದು, ರಾತ್ರಿ ಒಂದು, ಸಿಕ್ಕಿದ್ದು ಹಚ್ಚುತ್ತಿದ್ದೆ. ಮಗಳು ಮಂಗಳೂರಿನಲ್ಲಿ ನರ್ಸ್. ಹಬ್ಬಕ್ಕೆ ಬಂದಾಗ ಆ ಗೂಡು ನೋಡಿ ನಕ್ಕಳು. "ಅಪ್ಪಾ, ಹೀಗೆ ಎಲ್ಲಾನೂ ಬಳ್ಕೊಂಡ್ರೆ ಯಾವುದು ಕೆಲಸ ಮಾಡ್ತು ಅಂತ ಹೆಂಗೆ ಗೊತ್ತಾಗತ್ತೆ?" ಅಂದಳು. ಮಾತು ಸರಿ ಅನ್ನಿಸಿತು. ಡ್ಯೂಟಿಯಲ್ಲಿ ಲಾಗ್ ಶೀಟ್ ಬರೆದು ಅಭ್ಯಾಸ ಇತ್ತು. ಒಂದು ನೂರು ಪುಟದ ನೋಟ್‌ಬುಕ್ ತಂದೆ.

ಹೋಲಿಸುವುದು ಹೇಗೆ

ಒಂದು ಎಣ್ಣೆ, ಒಂದು ಮಂಡಿ, ಒಂದು ವಾರ. ಇಷ್ಟೇ ನಿಯಮ. ಎರಡು ಎಣ್ಣೆಗಳ ನಡುವೆ ಎರಡು ದಿನ ಏನೂ ಹಚ್ಚಬೇಡಿ. ದಿನಾ ಒಂದೇ ಹೊತ್ತು, ಒಂದೇ ಅಳತೆ. ಒಂದು ಮಂಡಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಧಾರಾಳ ಸಾಕು. ಅಂಗೈ ತುಂಬ ಸುರಿದುಕೊಂಡರೆ ಲಾಭ ಪಂಚೆಗೆ, ಮಂಡಿಗಲ್ಲ.

ನೋವನ್ನು ಅಳೆಯಲು ನಾನು ಎರಡು ಕೆಲಸ ಇಟ್ಟುಕೊಂಡೆ. ತಾರಸಿಗೆ ಹೋಗುವ 14 ಮೆಟ್ಟಿಲು ಇಳಿಯುವುದು ಮತ್ತು ಮಣೆಯಿಂದ ಕೈ ಊರದೆ ಏಳುವುದು. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. ಹಚ್ಚುವ ಮುಂಚೆ ಒಂದು, ಒಂದು ಗಂಟೆ ಬಿಟ್ಟು ಒಂದು, ಮಾರನೆಯ ಬೆಳಿಗ್ಗೆ ಒಂದು. ಮೆಟ್ಟಿಲು ಹತ್ತುವಾಗಿನದಲ್ಲ, ಇಳಿಯುವಾಗಿನ ನೋವು ಬರೆಯಿರಿ. ಮಂಡಿ ಸುಳ್ಳು ಹೇಳಲಾಗದ ಜಾಗ ಅದು.

ಹೊಸ ಎಣ್ಣೆಯಾದರೆ ಮೊದಲು ಮುಂಗೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಬಿಡಿ. ಕೆಂಪಾಯಿತೋ, ತುರಿಸಿತೋ, ಆ ಶೀಸೆ ನಿಮ್ಮದಲ್ಲ.

ಇನ್ನೊಂದು ವಾರ ಎಣ್ಣೆಯೇ ಇಲ್ಲದೆ ಮಾಡಬೇಕು. ಇದು ಮಗಳ ಹಠ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಹತ್ತು ನಿಮಿಷ, ಆಮೇಲೆ ಬರೀ ಕೈಯಲ್ಲಿ ನೀವುವುದು ಹತ್ತು ನಿಮಿಷ. ನಾನು ಕಾಟಾಚಾರಕ್ಕೆ ಒಪ್ಪಿಕೊಂಡಿದ್ದೆ. ಆ ವಾರದ ಪುಟ ತೆಗೆದು ನೋಡಿದರೆ ಇವತ್ತಿಗೂ ಸ್ವಲ್ಪ ಪೆಚ್ಚಾಗುತ್ತದೆ. ನೀವುವ ಮುಂಚೆ ಏಳು ಇದ್ದ ನೋವು ಐದಕ್ಕೆ ಇಳಿದಿದೆ. ಒಂದು ಹನಿ ಎಣ್ಣೆ ಇಲ್ಲದೆ! ಒಂಬತ್ತು ಶೀಸೆಗಳಿಗೆ ನಾನು ಕೊಟ್ಟಿದ್ದ ಕೀರ್ತಿಯಲ್ಲಿ ಅರ್ಧ ಬಿಸಿಗೂ ಕೈಗೂ ಸೇರಬೇಕಾದದ್ದು.

ಯಾಕೆ ಹೀಗೆ ಅಂತ ಮಗಳನ್ನೇ ಕೇಳಿದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅಂತ ಇಬ್ಬರು ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರಂತೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದ ಹಾಗೆ. ಚರ್ಮ ಉಜ್ಜಿದಾಗ ಸ್ಪರ್ಶದ ಸುದ್ದಿ ನುಗ್ಗಿ ಬರುತ್ತದೆ, ನೋವಿನ ಸುದ್ದಿಗೆ ಜಾಗ ಕಮ್ಮಿಯಾಗುತ್ತದೆ. ನನಗೆ ತಕ್ಷಣ ಅರ್ಥವಾಯಿತು. ಸಂತೆ ದಿನ ಮುಂದಿನ ಸ್ಟಾಪಿನಲ್ಲಿ ಇಳಿಯುವ ಜನ ಮೊದಲೇ ಬಾಗಿಲಲ್ಲಿ ತುಂಬಿಕೊಂಡರೆ ಹಿಂದಿನವರು ಹತ್ತಲಾಗುವುದಿಲ್ಲ, ಅಲ್ವಾ? ಅಷ್ಟೇ.

ಹಾಗಾದರೆ ಎಣ್ಣೆ ದಂಡವೇ? ಇಲ್ಲ. ಕೈ ಜಾರಬೇಕಾದರೆ ಎಣ್ಣೆ ಬೇಕು. ಬಿಸಿ ಸ್ವಲ್ಪ ಹೊತ್ತು ನಿಲ್ಲಲು ಬೇಕು. ಮತ್ತೆ ಕೆಲವು ಎಣ್ಣೆಗಳಿಗೆ ತಮ್ಮದೇ ಗುಣವೂ ಇದೆ. ಆದರೆ ಸವೆದ ಕೀಲನ್ನು ಯಾವ ಎಣ್ಣೆಯೂ ತುಂಬುವುದಿಲ್ಲ. ನನ್ನ ಎಕ್ಸ್‌ರೇ ಆಗಲೂ ಸವೆತ ತೋರಿಸಿತ್ತು, ಈಗಲೂ ತೋರಿಸುತ್ತದೆ.

ಹೊರುವ ಎಣ್ಣೆ, ಚುರುಗುಟ್ಟುವ ಎಣ್ಣೆ

ಅಂಗಡಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ, ಆದರೆ ಜಾತಿ ಎರಡು. ಎಳ್ಳು, ಕೊಬ್ಬರಿ, ಹರಳು, ಸಾಸಿವೆ, ಹೊಂಗೆ ಇವು ಬೀಜ ಅಥವಾ ಕಾಯಿ ಹಿಂಡಿ ತೆಗೆದ ಜಿಡ್ಡಿನ ಎಣ್ಣೆಗಳು. ಇವನ್ನು ನೇರವಾಗಿ ಹಚ್ಚಬಹುದು. ನೀಲಗಿರಿ, ಪುದೀನ, ಲವಂಗ, ವಿಂಟರ್‌ಗ್ರೀನ್ ಇವು ಎಲೆ, ಮೊಗ್ಗುಗಳಿಂದ ಭಟ್ಟಿ ಇಳಿಸಿದ ಸಾರ. ಇವನ್ನು ಹಾಗೇ ಹಚ್ಚಬಾರದು. ಜಿಡ್ಡಿನ ಎಣ್ಣೆಯ ಹೆಗಲ ಮೇಲೆ ಕೂರಿಸಿ ಕಳಿಸಬೇಕು. 30 ಮಿ.ಲೀ. ಎಳ್ಳೆಣ್ಣೆಗೆ 12 ಹನಿ, ಅಂದರೆ ಸುಮಾರು ನೂರಕ್ಕೆ ಎರಡು ಪಾಲು. ಒಂದು ಚಮಚಕ್ಕಾದರೆ ಎರಡೇ ಹನಿ. ಕಮ್ಮಿ ಅನ್ನಿಸುತ್ತದೆ, ಸಾಕು.

ಎಳ್ಳೆಣ್ಣೆ ನನ್ನ ಮಟ್ಟಿಗೆ ಮೊದಲ ಸ್ಥಾನದ್ದು. ನರಕ ಚತುರ್ದಶಿಯ ಬೆಳಿಗ್ಗೆ ಅಮ್ಮ ತಲೆಯಿಂದ ಪಾದದವರೆಗೆ ಹಚ್ಚುತ್ತಿದ್ದದ್ದು ಇದನ್ನೇ. ಆಯುರ್ವೇದದ ಮಹಾನಾರಾಯಣ, ಕ್ಷೀರಬಲಾ, ಧನ್ವಂತರಂ ತೈಲಗಳೆಲ್ಲ ಇದರ ಮೇಲೇ ನಿಂತಿವೆ. ಇರಾನಿನಲ್ಲಿ ಕೈಕಾಲಿನ ಪೆಟ್ಟಿಗೆ, ಮಂಡಿ ಸವೆತಕ್ಕೆ ಎಳ್ಳೆಣ್ಣೆ ಹಚ್ಚಿ ಸಣ್ಣ ಪ್ರಮಾಣದ ಪರೀಕ್ಷೆಗಳನ್ನೂ ಮಾಡಿದ್ದಾರೆ, ನೋವು ಕಡಿಮೆಯಾದದ್ದು ಕಂಡಿದೆ. ದಪ್ಪವೂ ಅಲ್ಲ, ತೆಳುವೂ ಅಲ್ಲ, ಹತ್ತು ನಿಮಿಷ ನೀವಿದರೂ ಕೈಗೆ ಜಾರು ಉಳಿದಿರುತ್ತದೆ. ನನ್ನ ಪುಟದಲ್ಲಿ ಏಳರಿಂದ ನಾಲ್ಕು.

ಕೊಳ್ಳುವಾಗ ಒಂದು ಎಚ್ಚರ. ದೇವರ ಮುಂದೆ ಉರಿಸಲು 'ದೀಪದ ಎಣ್ಣೆ' ಅಂತ ಸಿಗುತ್ತದಲ್ಲ, ಅದು ಎಳ್ಳೆಣ್ಣೆ ಅಲ್ಲ. ಬಹಳಷ್ಟು ಸಲ ಹಲವು ಎಣ್ಣೆಗಳ ಬೆರಕೆ, ಜೊತೆಗೆ ಬಣ್ಣ, ಸೆಂಟು. ನಾನು ಅಗ್ಗಕ್ಕೆ ಸಿಕ್ಕಿತೆಂದು ಒಂದು ತಿಂಗಳು ಅದನ್ನೇ ಉಜ್ಜಿಕೊಂಡು ಕಾಲೆಲ್ಲ ಗಂಧೆ ಎಬ್ಬಿಸಿಕೊಂಡೆ. ಎಳ್ಳೆಣ್ಣೆ ಶೀಸೆಯ ಹಿಂದೆ 'ತಿನ್ನಲು ಅಲ್ಲ' ಎಂದು ಬರೆದಿದ್ದರೆ ಮೈಗೂ ಬೇಡ. ಅಡುಗೆಗೆ ಆಗುವಂಥದ್ದನ್ನೇ, ಗಾಣದ್ದು ಸಿಕ್ಕರೆ ಗಾಣದ್ದನ್ನೇ ತನ್ನಿ.

ಹರಳೆಣ್ಣೆ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಇದೆ. "ಅದು ತಂಪು, ನೆತ್ತಿಗೆ ಸರಿ, ಮಂಡಿಗೆ ಹಚ್ಚಿದರೆ ಹಿಡಿದುಕೊಳ್ಳುತ್ತದೆ" ಅಂತ ನಮ್ಮ ಮನೆಯವರು. ಆಯುರ್ವೇದ ಅದನ್ನು ಉಷ್ಣ, ವಾತಕ್ಕೆ ಒಳ್ಳೆಯದು ಅನ್ನುತ್ತದೆ. ನಾನು ಪಂಡಿತರ ಪಕ್ಷ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ರಿಸಿನೋಲಿಕ್ ಆಮ್ಲ ಎಂಬ ಒಂದೇ ಜಿಡ್ಡು, ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಹೀಗೆ ಇರುವುದಿಲ್ಲ. ಅದಕ್ಕೇ ಆ ಜೇನುತುಪ್ಪದಂಥ ದಪ್ಪ. ಒಂಟಿಯಾಗಿ ನೀವಲು ಆಗುವುದಿಲ್ಲ, ಕೈ ಅಂಟಿಕೊಳ್ಳುತ್ತದೆ. ಅರ್ಧ ಎಳ್ಳೆಣ್ಣೆ, ಅರ್ಧ ಹರಳೆಣ್ಣೆ ಮಾಡಿಕೊಳ್ಳಿ. ರಾತ್ರಿ ಹಚ್ಚಿ, ಹರಳೆಲೆಯನ್ನು ತವೆಯ ಮೇಲೆ ಬಾಡಿಸಿ ಮಂಡಿಗೆ ಸುತ್ತಿ, ಮೇಲೆ ಹಳೇ ಪಂಚೆ ಚೂರು ಕಟ್ಟಿ ಮಲಗಿ. ಬೆಳಿಗ್ಗೆ ಎದ್ದಾಗಿನ ಬಿಗಿತಕ್ಕೆ ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಹಾಸಿಗೆ ಕಲೆಯಾದರೆ ನನ್ನನ್ನು ಬೈಯಬೇಡಿ. ಹರಳು ಬೀಜ ಮಾತ್ರ ವಿಷ, ಮಕ್ಕಳ ಕೈಗೆ ಸಿಗಬಾರದು. ಎಣ್ಣೆಗೆ ಆ ವಿಷ ಬರುವುದಿಲ್ಲ. ಆದರೂ ಬಸುರಿಯರು ಅದನ್ನು ಕುಡಿಯಬಾರದು.

ಕೊಬ್ಬರಿ ಎಣ್ಣೆ. ಅರಸೀಕೆರೆಯಲ್ಲಿ ಕೂತು, ಪಕ್ಕದಲ್ಲೇ ತಿಪಟೂರು ಇಟ್ಟುಕೊಂಡು, ಇದಕ್ಕೆ ಕಮ್ಮಿ ಅಂಕ ಕೊಡಲು ಧೈರ್ಯ ಬೇಕು. ಏಳರಿಂದ ಐದು, ಬರೀ ಕೈಯಷ್ಟೇ. ಒಣಗಿದ ಚರ್ಮಕ್ಕೆ ಇದೇ ಮೇಲು, ಬೇಸಿಗೆಯಲ್ಲಿ ಜಿಗುಟಾಗುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಮಾಘದ ಚಳಿಗೆ ಬೆಳಿಗ್ಗೆ ಶೀಸೆಯ ಜೊತೆ ಕುಸ್ತಿ. ಕರ್ಪೂರ ಹಾಕುವವರು ಪೂಜೆಯ ಬಿಲ್ಲೆ ಹಾಕಬೇಡಿ. ಯಾವ ಕರ್ಪೂರವಾದರೂ ಒಲೆ ಆರಿಸಿದ ಮೇಲೆ ಹಾಕಿ, ಅದು ಬೇಗ ಬೆಂಕಿ ಹತ್ತುವ ವಸ್ತು. ಸಣ್ಣ ಮಕ್ಕಳಿಗೆ ಕರ್ಪೂರ ಹಾಕಿದ ಎಣ್ಣೆ ಹಚ್ಚಲೇಬೇಡಿ. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಸಾಸಿವೆ ಎಣ್ಣೆ ತಂದುಕೊಟ್ಟವರು ಮಿಲಿಟರಿಯಲ್ಲಿ ಪಂಜಾಬಿನ ಕಡೆ ಇದ್ದ ಪಕ್ಕದ ಮನೆಯವರು. ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿ ಹಚ್ಚುವುದು ಅಲ್ಲಿಯ ಪದ್ಧತಿ. ಸಾಸಿವೆ ಅರೆದಾಗ ಮೂಗಿಗೆ ಏರುವ ಆ ಘಾಟೇ ಚರ್ಮವನ್ನು ಚುರುಗುಟ್ಟಿಸಿ ಬಿಸಿ ಅನ್ನಿಸುತ್ತದೆ. ಭುಜಕ್ಕೆ ಚೆನ್ನಾಗಿತ್ತು. ಎಳೆ ಮಕ್ಕಳಿಗೆ, ಸೂಕ್ಷ್ಮ ಚರ್ಮದವರಿಗೆ ಬೇಡ.

ಹೊಂಗೆ ಎಣ್ಣೆ ನಮ್ಮ ಅಜ್ಜ ಎತ್ತಿನ ಹೆಗಲ ಗಾಯಕ್ಕೆ ಹಚ್ಚುತ್ತಿದ್ದ. ನಾನು ಮಂಡಿಗೆ ಹಚ್ಚಿದ ನಾಲ್ಕನೇ ದಿನ ನನ್ನ ಹಾಸಿಗೆ ಜಗಲಿಗೆ ಬಂತು, ಆ ವಾಸನೆಗೆ. ಪುಟ ಅಲ್ಲಿಗೇ ನಿಂತಿದೆ. ಬೇವಿನ ಎಣ್ಣೆಯದ್ದೂ ಅದೇ ಪಾಡು. ಇನ್ನೊಂದು, ಬೇವಿನ ಎಣ್ಣೆಯನ್ನು ಮಕ್ಕಳಿಗೆ ಹೊಟ್ಟೆ ಹುಳಕ್ಕೆ ಅಂತ ಕುಡಿಸುವವರು ಈಗಲೂ ಇದ್ದಾರೆ. ಎಳೆ ಮಕ್ಕಳ ಜೀವಕ್ಕೇ ಸಂಚಕಾರ, ದಯವಿಟ್ಟು ಬೇಡ.

ಇನ್ನು ನೀಲಗಿರಿ. ಶಾಲಾ ಪ್ರವಾಸದ ಬಸ್ ಊಟಿಗೆ ಒಯ್ದಾಗಲೆಲ್ಲ ಮೇಷ್ಟ್ರುಗಳು ಡಜನ್ ಲೆಕ್ಕದಲ್ಲಿ ಶೀಸೆ ತರುತ್ತಿದ್ದರು, ಬಂಡೀಪುರ ದಾಟುವವರೆಗೂ ಬಸ್ಸೆಲ್ಲ ಆಸ್ಪತ್ರೆ ವಾಸನೆ. ಆಸ್ಟ್ರೇಲಿಯಾದ ಮರ. 1840ರ ದಶಕದಲ್ಲಿ ಸೌದೆಗೆಂದು ಆ ಬೆಟ್ಟಗಳಲ್ಲಿ ನೆಟ್ಟದ್ದು, ಕನ್ನಡದಲ್ಲಿ ಬೆಟ್ಟದ ಹೆಸರೇ ಮರಕ್ಕೂ ಅಂಟಿತು. ಶುದ್ಧವೋ ಅಲ್ಲವೋ ನೋಡಲು ಬಿಳಿ ಹಾಳೆಯ ಮೇಲೆ ಒಂದು ಹನಿ ಹಾಕಿ ಬಿಡಿ. ಆರಿದ ಮೇಲೆ ಎಣ್ಣೆಯ ಕಲೆ ಉಳಿದರೆ ಜಿಡ್ಡೆಣ್ಣೆ ಬೆರೆಸಿದ್ದಾರೆ. ಕಲೆ ಉಳಿಯಲಿಲ್ಲ ಅಂದ ಮಾತ್ರಕ್ಕೆ ಶುದ್ಧ ಅಂತಲೂ ಅಲ್ಲ, ಟರ್ಪೆಂಟೈನ್ ಬೆರೆಸಿದ್ದರೂ ಅದು ಹಾರಿಹೋಗುತ್ತದೆ. ಎಳ್ಳೆಣ್ಣೆಯಲ್ಲಿ ಕಲಸಿ ಭುಜಕ್ಕೆ ಹಚ್ಚಿದರೆ ಅರ್ಧ ಗಂಟೆ ಹಾಯೆನಿಸುತ್ತದೆ. ಪುದೀನದ್ದೂ ಹಾಗೇ. ಅದರ ಮೆಂಥಾಲ್ ಚರ್ಮದ ಚಳಿ ತಿಳಿಯುವ ನರವನ್ನೇ ಎಬ್ಬಿಸುತ್ತದೆ, ನಿಜವಾಗಿ ತಂಪಾಗಿರುವುದಿಲ್ಲ. ಮೆಂಥಾಲ್ ಹಿಡಿದುಕೊಂಡೇ ಆ ಚಳಿಯ ಗ್ರಾಹಕವನ್ನು ಬೇರೆ ಬೇರೆಯಾಗಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಈ ಎರಡು ಎಣ್ಣೆಗಳನ್ನೂ ಮಗುವಿನ ಮೂಗಿನ ಹತ್ತಿರ ಹಚ್ಚಬೇಡಿ. ಮೊಮ್ಮಗ ಬರುವ ದಿನ ನಮ್ಮ ಶೀಸೆಗಳು ಅಟ್ಟ ಸೇರುತ್ತವೆ.

ವಿಂಟರ್‌ಗ್ರೀನ್ ಎಣ್ಣೆಗೆ ನಾನು ಹೆದರುತ್ತೇನೆ. ಕೆಲವು ಶೀಸೆಗಳ ಮೇಲೆ ಗಂಧಪುರ ಅಂತ ಇರುತ್ತದೆ. ನೋವಿನ ಮುಲಾಮುಗಳ ಆ ಸಿಹಿ ಘಾಟು ಇದರದ್ದೇ. ಇದು ಆಸ್ಪಿರಿನ್‌ನ ನೆಂಟ. ಶುದ್ಧ ಎಣ್ಣೆ ಒಂದೇ ಚಮಚ ಹೊಟ್ಟೆಗೆ ಹೋದರೆ 325 ಮಿ.ಗ್ರಾಂ.ನ ಸುಮಾರು 20 ಆಸ್ಪಿರಿನ್ ಮಾತ್ರೆ ನುಂಗಿದ ಹಾಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಹಚ್ಚುವುದೂ ಬೇಡ. ನಾನು ಮಾಡಿದ ತಪ್ಪು ಕೇಳಿ: ಬೆರೆಸದೆ ಹಾಗೇ ಹಚ್ಚಿ, ಮೇಲೆ ಬಿಸಿನೀರಿನ ಬ್ಯಾಗು ಇಟ್ಟು ನಿದ್ದೆ ಮಾಡಿದೆ. ಎದ್ದಾಗ ಮಂಡಿ ಚಿಪ್ಪಿನ ಪಕ್ಕ ನೆಲ್ಲಿಕಾಯಿ ಗಾತ್ರದ ಗುಳ್ಳೆ. ಆ ವಾರ ನೋವಿನ ಅಂಕಿ ಬರೆಯುವ ಜಾಗದಲ್ಲಿ ಬರೀ "ಉರಿ" ಅಂತ ಇದೆ. ಚುರುಗುಟ್ಟುವ ಯಾವ ಎಣ್ಣೆಯ ಮೇಲೂ ಶಾಖ ಕೊಡಬೇಡಿ, ಬಟ್ಟೆ ಬಿಗಿಯಾಗಿ ಕಟ್ಟಬೇಡಿ.

ಲಕ್ಕಿ ಸೊಪ್ಪಿನ ಎಣ್ಣೆ ಮಾಡುವುದು

ಗೆದ್ದದ್ದು ಇದು, ಏಳರಿಂದ ಮೂರು. ಕೊಂಡದ್ದಲ್ಲ, ಮಾಡಿದ್ದು. ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು.

ಲಕ್ಕಿ ಗಿಡ ಬೇಲಿಯಲ್ಲಿ, ಹಳ್ಳದ ದಡದಲ್ಲಿ ಇರುತ್ತದೆ. ಒಂದು ತೊಟ್ಟಿಗೆ ಮೂರೋ ಐದೋ ಎಲೆ, ಬೆರಳು ಚಾಚಿದ ಹಾಗೆ. ಎಲೆಯ ಕೆಳಗೆ ಬೂದು ಬಿಳಿ, ಹೂವು ತಿಳಿ ನೀಲಿ ನೇರಳೆ. ಬಾಣಂತಿಯರ ನೀರಿಗೆ ಹಾಕುವ ಸೊಪ್ಪು ಅಂದರೆ ಹಳ್ಳಿಯಲ್ಲಿ ಯಾರಾದರೂ ತೋರಿಸುತ್ತಾರೆ.

ಅಳತೆ ಹಳೆಯದು: ಎಣ್ಣೆಯ ಕಾಲು ಭಾಗ ಅರೆದ ಸೊಪ್ಪು, ನಾಲ್ಕರಷ್ಟು ರಸ. ನಾನು 250 ಮಿ.ಲೀ. ಎಳ್ಳೆಣ್ಣೆ, ಒಂದು ಲೀಟರ್ ಸೊಪ್ಪಿನ ರಸ, 60 ಗ್ರಾಂ ನುಣ್ಣಗೆ ಅರೆದ ಸೊಪ್ಪು ತೆಗೆದುಕೊಳ್ಳುತ್ತೇನೆ. ರಸ ಕಮ್ಮಿ ಬಿದ್ದರೆ ಸೊಪ್ಪು ಬೇಯಿಸಿ ಬತ್ತಿಸಿದ ಕಷಾಯ ಸೇರಿಸುತ್ತೇನೆ. ದಪ್ಪ ತಳದ, ಅಗತ್ಯಕ್ಕಿಂತ ದೊಡ್ಡ ಪಾತ್ರೆ ಇರಲಿ, ಉಕ್ಕುತ್ತದೆ. ಎಲ್ಲ ಸೇರಿಸಿ ಸಣ್ಣ ಉರಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಮೊದಲು ಹಸಿರು ಗಂಜಿಯ ಹಾಗೆ ಕೊತಕೊತ ಕುದಿಯುತ್ತದೆ. ಎರಡು ಮೂರು ಗಂಟೆಯಾದ ಮೇಲೆ ಸದ್ದು ಬದಲಾಗುತ್ತದೆ, ದೋಸೆ ಕಾವಲಿಗೆ ನೀರು ಚಿಮುಕಿಸಿದಂಥ ಚಟಪಟ. ಆಗ ಹತ್ತಿರವೇ ನಿಲ್ಲಿ. ತಳದ ಸೊಪ್ಪನ್ನು ಸೌಟಿನ ತುದಿಯಲ್ಲಿ ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯಿರಿ. ಬತ್ತಿಯ ಹಾಗೆ ಉರುಳಬೇಕು, ಅಂಟಬಾರದು. ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಸದ್ದಿಲ್ಲದೆ ಉರಿಯಬೇಕು. ಚಟ್ ಅಂದರೆ ನೀರಿದೆ. ಎಣ್ಣೆಯ ಮೇಲೆ ನೊರೆ ಏಳುವುದೂ ಹದ ಬಂದ ಗುರುತು. ಇಳಿಸಿ, ಬಿಸಿ ಇದ್ದಾಗಲೇ ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಒಣಗಿದ ಗಾಜಿನ ಶೀಸೆಗೆ ತುಂಬಿ.

ಮೊದಲ ಸಲ ನಾನು ಚಟಪಟ ಕೇಳಿದ ಕೂಡಲೇ ಆಯಿತು ಅಂತ ಇಳಿಸಿಬಿಟ್ಟೆ. ಹದಿನೈದು ದಿನಕ್ಕೆ ಶೀಸೆಯೊಳಗೆ ಬೂಷ್ಟು. ಇಡೀ ಮಧ್ಯಾಹ್ನದ ಕೆಲಸ ಚರಂಡಿಗೆ.

ಹಚ್ಚುವ ಕ್ರಮ

ಎಣ್ಣೆಯನ್ನು ಒಲೆಯ ಮೇಲಿಡದೆ, ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ ಬೆಚ್ಚಗೆ ಮಾಡಿ. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ಪರೀಕ್ಷೆ ಮಾಡಿಸಿ. ಮಂಡಿ ಚಿಪ್ಪನ್ನು ಒತ್ತಬೇಡಿ, ಸುತ್ತ ಗುಂಡಗೆ ನೀವಿ. ಜಾಸ್ತಿ ಹೊತ್ತು ಕೊಡಬೇಕಾದ್ದು ಮಂಡಿಗಲ್ಲ, ಅದರ ಮೇಲಿನ ತೊಡೆಗೆ. ನನ್ನ ನೋವಿನ ಗಂಟು ಅಲ್ಲೇ ಇತ್ತು, ಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ. ನೀವಿ ಮೈ ಬೆಚ್ಚಗಿದ್ದಾಗಲೇ ಕಾಲು ನೀಳ ಮಾಡಿ ಎತ್ತಿ ಹತ್ತು ಎಣಿಸಿ ಇಳಿಸಿ, ಹತ್ತು ಸಲ. ಡಾಕ್ಟರು ಹೇಳಿದ ವ್ಯಾಯಾಮ ಅದು. ನೋವಿಗೆ ಹೆದರಿ ಮಾಡುತ್ತಿರಲಿಲ್ಲ, ಎಣ್ಣೆ ಹಚ್ಚಿದ ಮೇಲೆ ಮಾಡಲಾಗುತ್ತಿದೆ. ಅರ್ಧ ಗಂಟೆ ಬಿಟ್ಟು ಸ್ನಾನ. ಪಾದಕ್ಕೆ ಎಣ್ಣೆ ಇದ್ದರೆ ಒರೆಸಿಕೊಂಡೇ ಬಚ್ಚಲಿಗೆ ಹೋಗಿ. ಮಂಡಿ ನೋವಿಗೆ ಹೋಗಿ ಸೊಂಟ ಮುರಿದುಕೊಳ್ಳುವುದು ಬೇಡ.

ಎಣ್ಣೆ ಮುಟ್ಟಲೇಬಾರದ ನೋವುಗಳಿವೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಉಜ್ಜಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನಮ್ಮ ಹಾಗೆ ಗಂಟೆಗಟ್ಟಲೆ ಕೂತು ಕೆಲಸ ಮಾಡುವವರಿಗೆ ಇದು ಬರುವುದು ಹೆಚ್ಚು. ಎದೆಯಿಂದ ಎಡಗೈಗೆ, ದವಡೆಗೆ ಹರಿಯುವ ನೋವು, ಬೆವರು ಇದ್ದರೆ ಎಣ್ಣೆ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಜ್ವರದ ಜೊತೆ ಕೆಂಪಗೆ ಊದಿದ ಕೀಲು, ಬಿದ್ದು ಪೆಟ್ಟಾದ ಮೇಲಿನ ನೋವು, ಬೆನ್ನು ನೋವಿನ ಜೊತೆ ಕಾಲು ಜೋಮು ಅಥವಾ ಮೂತ್ರ ಕಟ್ಟುವುದು, ಇವೂ ಆಸ್ಪತ್ರೆಯವೇ.

ಈಗ ನಮ್ಮ ಗೂಡಿನಲ್ಲಿ ನಾಲ್ಕೇ ಶೀಸೆ: ಎಳ್ಳೆಣ್ಣೆ, ಹರಳೆಣ್ಣೆ, ಲಕ್ಕಿ, ಒಂದು ಸಣ್ಣ ನೀಲಗಿರಿ. ಪ್ರತಿಯೊಂದಕ್ಕೂ ತಂದ ತಾರೀಕಿನ ಚೀಟಿ ಅಂಟಿಸಿದ್ದೇನೆ. ನೋಟ್‌ಬುಕ್ಕಿನಲ್ಲಿ ಇವತ್ತು ಎಡ ಮಂಡಿ ಮೂರು, ಬಲ ಭುಜ ಎರಡು. ಲಕ್ಕಿ ಎಣ್ಣೆ ತಳ ಕಾಣುತ್ತಿದೆ. ಮಳೆ ಬಿಟ್ಟರೆ ಸಂಜೆ ಕೆರೆ ಏರಿಯ ಕಡೆ ಹೋಗಿ ಒಂದು ಚೀಲ ಸೊಪ್ಪು ತರಬೇಕು.